ಬ್ಲೆಚ್ಲಿ ಪಾರ್ಕ್: ತಾರ್ ಆಫೀಸಿನ ಅಪ್ಪನ ಜೊತೆ ಒಂದು ಪೂರ್ತಿ ದಿನ

ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸ್ತಿದ್ದ ಜಾಗ ಬ್ಲೆಚ್ಲಿ ಪಾರ್ಕ್, ಈಗ ಮ್ಯೂಸಿಯಂ. ಮೊದಲೇ ಹೇಳಿಬಿಡ್ತೀನಿ, ಅದಕ್ಕೆ 5ಕ್ಕೆ 5 ಕೊಡ್ತಿದೀನಿ. ನಮ್ಮ ಬಳ್ಳಾರಿ ಕಡೆಯಿಂದ ಮಗ ಸೊಸೆ, ಮಗಳು ಅಳಿಯನ್ನ ನೋಡೋಕೆ ಅಂತ ಇಂಗ್ಲೆಂಡಿಗೆ ಹೋಗೋ ಹಿರಿಯರು ಈಗ ಬಾಳ ಜನ ಇದಾರೆ, ಹೋದವರೆಲ್ಲ ಲಂಡನ್ನಿನ ಬ್ರಿಜ್ಜು, ಅರಮನೆ ಗೇಟು, ಆ ದೊಡ್ಡ ಚಕ್ರ ಇಷ್ಟು ನೋಡ್ಕೊಂಡು ವಾಪಸ್ ಬರ್ತಾರೆ. ಅಂಥವರಿಗೋಸ್ಕರ ಬರೀತಿರೋದು ಇದು. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಂದ ಟ್ರೈನ್ ಹತ್ತಿದ್ರೆ ಮುಕ್ಕಾಲು ಗಂಟೆಗೆಲ್ಲ ಬ್ಲೆಚ್ಲಿ ಬರುತ್ತೆ, ಸ್ಟೇಷನ್ ಇಳಿದು ಐದು ನಿಮಿಷ ನಡೆದ್ರೆ ಪಾರ್ಕಿನ ಗೇಟು, ವಯಸ್ಸಾದವರೂ ಆರಾಮ ನಡೀಬಹುದು.

ಪಾರ್ಕ್ ಅಂದ್ರೆ ಮಕ್ಕಳು ಜಾರುಬಂಡಿ ಆಡೋ ಪಾರ್ಕ್ ಅಲ್ಲ. ಒಬ್ಬ ಸಾಹುಕಾರನ ಎಸ್ಟೇಟ್ ಅದು. ಹರ್ಬರ್ಟ್ ಲಿಯಾನ್ ಅಂತ ಲಂಡನ್ನಿನ ಹಣಕಾಸಿನ ವ್ಯಾಪಾರಿ 1883ರಲ್ಲಿ ಜಾಗ ತಗೊಂಡು ಅಲ್ಲಿದ್ದ ಮನೆಯನ್ನ ಬೆಳೆಸ್ತಾ ಬೆಳೆಸ್ತಾ ಹೋದ, ಹಂಗಾಗಿ ಈಗ ನಿಂತು ನೋಡಿದ್ರೆ ಒಂದು ಮೂಲೆ ಒಂದು ಥರ, ಇನ್ನೊಂದು ಮೂಲೆ ಇನ್ನೊಂದು ಥರ, ಹಸಿರು ಗುಮ್ಮಟ, ಕೆಂಪು ಇಟ್ಟಿಗೆ, ಮುಂದೆ ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿ. ಅವನೂ ಅವನ ಹೆಂಡತಿಯೂ ತೀರಿದ ಮೇಲೆ 1938ರಲ್ಲಿ ಬಿಲ್ಡರ್‌ಗಳ ಕೈಗೆ ಹೋಗಿ ಕೆಡವಿ ಸೈಟ್ ಮಾಡೋದ್ರಲ್ಲಿತ್ತು. ಆಗ ಬ್ರಿಟನ್ನಿನ ಗೂಢಚಾರ ಇಲಾಖೆ ಮುಖ್ಯಸ್ಥ ಅಡ್ಮಿರಲ್ ಹ್ಯೂ ಸಿಂಕ್ಲೇರ್ ಕೊಂಡ್ಕೊಂಡ, 6,000 ಪೌಂಡು, ಅದೂ ಸ್ವಂತ ದುಡ್ಡಲ್ಲಿ ಅಂತಾರೆ. ಯುದ್ಧ ಬರೋದು ಖಚಿತ ಅಂತ ಅವನಿಗೆ ಅನ್ಸಿತ್ತು, ಲಂಡನ್ ಮೇಲೆ ಬಾಂಬ್ ಬಿದ್ರೆ ಗುಪ್ತ ಸಂದೇಶ ಬಿಡಿಸೋ ಆಫೀಸಿಗೆ ಊರ ಹೊರಗೆ ಒಂದು ಜಾಗ ಬೇಕಿತ್ತು. ಈ ಊರಿಗೆ ಲಂಡನ್ ರೈಲೂ ಇತ್ತು, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ನಡುವಿನ ಲೈನೂ ಹಾದುಹೋಗ್ತಿತ್ತು. ಗುಂತಕಲ್ ಜಂಕ್ಷನ್ ನೋಡಿದ ನಮಗೆ ಜಂಕ್ಷನ್ ಪಕ್ಕದ ಊರಿನ ಬೆಲೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1938ರಲ್ಲಿ ಮೊದಲ ಸಲ ಆಫೀಸಿನವರು ಬಂದು ಜಾಗ ನೋಡ್ಕೊಂಡು ಹೋದಾಗ ಊರವರಿಗೆ ಹೇಳಿದ್ದು ಕ್ಯಾಪ್ಟನ್ ರಿಡ್ಲಿಯವರ ಬೇಟೆ ಪಾರ್ಟಿ ಬಂದೈತೆ ಅಂತ. ಮುಂದಿನ ವರ್ಷ ಆಗಸ್ಟಲ್ಲಿ ಕಾಯಂ ಬಂದುಬಿಟ್ರು.

ಈಗ ಅಪ್ಪನ ವಿಷಯ ಹೇಳಲೇಬೇಕು, ಅದಿಲ್ದಿದ್ರೆ ನಾನು ಈ ರಿವ್ಯೂ ಬರೀತಾನೇ ಇರ್ಲಿಲ್ಲ. ಅಪ್ಪ ಬಳ್ಳಾರಿ ತಾರ್ ಆಫೀಸಲ್ಲಿ ಟೆಲಿಗ್ರಾಫಿಸ್ಟ್ ಆಗಿದ್ರು. ಈಗಿನ ಹುಡುಗರಿಗೆ ತಾರು, ತಂತಿ ಅಂದ್ರೆ ಗೊತ್ತಿಲ್ಲ, 2013ರ ಜುಲೈನಲ್ಲಿ ದೇಶದಲ್ಲೇ ನಿಂತುಹೋಯ್ತು, ಆದ್ರೆ ನಾವು ಚಿಕ್ಕವರಿದ್ದಾಗ ಸೈಕಲ್ ಮೇಲೆ ತಂತಿ ಬಂತು ಅಂದ್ರೆ ಒಡೆದು ಓದೋ ಮೊದಲೇ ಮನೆ ಹೆಂಗಸರು ಅಳೋಕೆ ಶುರು ಮಾಡ್ತಿದ್ರು. ಆ ಸೈಕಲ್ಲಿನವನ ಕೈಗೆ ಕಾಗದ ಬರೋ ಮೊದಲು ಅದನ್ನ ಕಿವಿಯಲ್ಲಿ ಕೇಳಿ ಬರ್ಕೊಂತಿದ್ದವರು ನಮ್ಮಪ್ಪ. ತಮ್ಮ ಮಿಲ್ಟನ್ ಕೀನ್ಸ್‌ನಲ್ಲಿ ಕೆಲಸ ಮಾಡ್ತಾನೆ, ಬ್ಲೆಚ್ಲಿ ಈಗ ಆ ಊರಿನದೇ ಒಂದು ಭಾಗ, ಆದ್ರೂ ಮೂರು ವರ್ಷದಿಂದ ಅವನೇ ಹೋಗಿರ್ಲಿಲ್ಲ. "ಅಕ್ಕಾ, ಅಪ್ಪಗೆ ಬೇಜಾರ್ ಆಗ್ತೈತೆ, ಬರೀ ಮಷೀನು ಮರದ ಶೆಡ್ಡು" ಅಂದ. ನಾನೇ ಹಠ ಮಾಡಿ ಕರ್ಕೊಂಡು ಹೋದೆ.

ಒಳಗೆ ಹೋದ್ರೆ ಮೊದಲು ಬ್ಲಾಕ್ ಸಿ ಅಂತ, ಅಲ್ಲಿ ಟಿಕೆಟ್ಟು, ಕೈಯಲ್ಲಿ ಹಿಡ್ಕೊಂಡು ಕೇಳೋ ಗೈಡು. ಕನ್ನಡ ಇಲ್ಲ, ಇಂಗ್ಲಿಷ್ ಅರ್ಥ ಆಗದವರಿಗೆ ಮನೆಯವರು ಯಾರಾದ್ರೂ ಜೊತೆಗಿದ್ದು ಹೇಳಬೇಕು. ನಾನು ಹಿಂದಿನ ರಾತ್ರಿನೇ ಕೂತು ಅಪ್ಪಗೆ ಕಥೆ ಎಲ್ಲ ಹೇಳಿಟ್ಟಿದ್ದೆ, ಬಾಳ ಉಪಯೋಗ ಆಯ್ತು, ನೀವೂ ಹಂಗೇ ಮಾಡಿ.

ಕಥೆ ಏನಂದ್ರೆ, ಜರ್ಮನ್ನರ ಹತ್ರ ಎನಿಗ್ಮಾ ಅಂತ ಮಷೀನು, ನೋಡೋಕೆ ನಮ್ಮ ಕೋರ್ಟ್ ಮುಂದೆ ಅರ್ಜಿ ಟೈಪ್ ಮಾಡೋರ ಟೈಪ್‌ರೈಟರ್ ಥರಾನೇ, ಮರದ ಡಬ್ಬಿಯಲ್ಲಿ. ಒಂದು ಕೀ ಒತ್ತಿದ್ರೆ ಮೇಲೆ ಬೇರೆ ಅಕ್ಷರದ ದೀಪ ಹತ್ತುತ್ತೆ, ಅದೇ ಕೀ ಮತ್ತೆ ಒತ್ತಿದ್ರೆ ಇನ್ನೊಂದು ಅಕ್ಷರ, ಯಾಕಂದ್ರೆ ಒಳಗೆ ಚಕ್ರಗಳು ಪ್ರತಿ ಸಲಕ್ಕೂ ತಿರುಗ್ತಾವೆ. ಐದು ಚಕ್ರದಲ್ಲಿ ಮೂರು ಆರಿಸಿ ಕೂರಿಸೋದು, ಮುಂದೆ ವೈರ್ ಚುಚ್ಚೋ ಬೋರ್ಡು, ಎಲ್ಲ ಸೇರಿ ಎಷ್ಟು ಥರ ಜೋಡಿಸಬಹುದು ಅಂದ್ರೆ 159 ಬರೆದು ಮುಂದೆ 18 ಸೊನ್ನೆ ಹಾಕಿ, ಸುಮಾರು ಅಷ್ಟು. ಮಧ್ಯರಾತ್ರಿ ಆದ್ರೆ ಜೋಡಣೆ ಬದಲು, ಅವತ್ತಿನ ಕಷ್ಟ ಎಲ್ಲ ನೀರಲ್ಲಿ ಹೋಮ. ಇದನ್ನ ಮೊದಲು ಬಿಡಿಸಿದ್ದು ಇಂಗ್ಲಿಷರಲ್ಲ. ಪೋಲೆಂಡಿನ ಮೂವರು ಗಣಿತದ ಹುಡುಗರು, ಮರಿಯನ್ ರೆಯೆವ್ಸ್ಕಿ, ಯೆರ್ಜಿ ರುಜಿಟ್ಸ್ಕಿ, ಹೆನ್ರಿಕ್ ಜಿಗಾಲ್ಸ್ಕಿ. ರೆಯೆವ್ಸ್ಕಿ 1932ರ ಡಿಸೆಂಬರಲ್ಲೇ ಒಳಗಿನ ವೈರಿಂಗು ಲೆಕ್ಕದಿಂದ ಕಂಡುಹಿಡಿದಿದ್ದ. ಯುದ್ಧ ಶುರುವಾಗೋಕೆ ಐದು ವಾರ ಮುಂಚೆ, 1939ರ ಜುಲೈನಲ್ಲಿ, ವಾರ್ಸಾ ಹತ್ರದ ಕಾಡಲ್ಲಿ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆಸಿ ತಮಗೆ ಗೊತ್ತಿದ್ದಿದ್ದನ್ನೆಲ್ಲ ಕೊಟ್ಟುಬಿಟ್ರು. ಪಾರ್ಕಿನಲ್ಲಿ ಅವರ ಹೆಸರಿನ ಸ್ಮಾರಕ ಐತೆ, ತೆರೆದ ಪುಸ್ತಕದ ಆಕಾರದಲ್ಲಿ. ದಯವಿಟ್ಟು ಅದರ ಮುಂದೆ ಎರಡು ನಿಮಿಷ ನಿಲ್ಲಿ, ಜನ ಎಲ್ಲ ಟ್ಯೂರಿಂಗ್ ಟ್ಯೂರಿಂಗ್ ಅಂತ (ಇಲ್ಲಿ ಕೆಲಸ ಮಾಡಿದ ಇಂಗ್ಲಿಷ್ ಗಣಿತಜ್ಞ ಅಲನ್ ಟ್ಯೂರಿಂಗ್) ಹಟ್ 8ರ ಕಡೆ ಓಡ್ತಿರ್ತಾರೆ.

ಹಟ್ ಅಂದ್ರೆ ಮರದ ಹಲಗೆ ಶೆಡ್ಡುಗಳು, ನಂಬರೇ ಹೆಸರು. ಹಟ್ 6ರಲ್ಲಿ ಸೈನ್ಯ ವಿಮಾನದಳದ ಸಂದೇಶ ಬಿಡಿಸೋರು, ಪಕ್ಕದ ಹಟ್ 3ರಲ್ಲಿ ಅದನ್ನ ಅನುವಾದ ಮಾಡಿ ಅರ್ಥ ಹಚ್ಚೋರು, ಹಟ್ 8ರಲ್ಲಿ ನೌಕಾಪಡೆಯದ್ದು. 6ಕ್ಕೂ 3ಕ್ಕೂ ನಡುವೆ ಗೋಡೆಗೆ ಮರದ ಒಂದು ಗೂಡು ಮಾಡಿ, ಟ್ರೇನಲ್ಲಿ ಕಾಗದ ಇಟ್ಟು ಪೊರಕೆ ಕೋಲಲ್ಲಿ ಆ ಕಡೆ ತಳ್ತಿದ್ರಂತೆ. ಜಗತ್ತಿನ ಅತಿ ದೊಡ್ಡ ಗುಟ್ಟು ಪೊರಕೆ ಕೋಲಿನ ತುದಿಯಲ್ಲಿ ಹೋಗ್ತಿತ್ತು. ಒಳಗೆ ಮಬ್ಬು ದೀಪ, ಕಪ್ಪು ಪರದೆ, ಮೇಜಿನ ಮೇಲೆ ಪೆನ್ಸಿಲ್ಲು, ಆಷ್‌ಟ್ರೇ, ಯಾರೋ ಈಗ ತಾನೇ ಟೀ ಕುಡಿಯೋಕೆ ಎದ್ದು ಹೋಗಿದಾರೆ ಅನ್ಸೋ ಹಂಗೆ ಇಟ್ಟಿದಾರೆ, ಮಾತಿನ ಸದ್ದು, ಟೈಪಿನ ಸದ್ದು ಎಲ್ಲಿಂದಲೋ ಕೇಳ್ತಿರುತ್ತೆ. ಮೂರು ಪಾಳಿ: ಬೆಳಗ್ಗೆ ಎಂಟರಿಂದ ನಾಲ್ಕು, ನಾಲ್ಕರಿಂದ ಮಧ್ಯರಾತ್ರಿ, ಮಧ್ಯರಾತ್ರಿಯಿಂದ ಬೆಳಗಿನ ಎಂಟು. ಅಪ್ಪ ಅಲ್ಲಿನ ಒಂದು ಕುರ್ಚಿ ನೋಡಿ, "ಈ ಕುರ್ಚಿ ಮ್ಯಾಲೆ ನೈಟ್ ಡ್ಯೂಟಿ ಮಾಡಿದೋರ ಬೆನ್ನು ಏನಾಗಿರಬೇಕವ್ವಾ" ಅಂದ್ರು. ಸುತ್ತ ಇದ್ದ ಟೂರಿಸ್ಟರಲ್ಲಿ ಯಾರಿಗೂ ಬರದ ಮಾತು ಅದು.

ಟ್ಯೂರಿಂಗ್ ಬಗ್ಗೆ ನಿಮಗೆಲ್ಲ ಗೊತ್ತಿರುತ್ತೆ. ಅವನ ಆಫೀಸು, ಅವನ ಕರಡಿ ಗೊಂಬೆ, ಸಣ್ಣ ಸಣ್ಣ ಸ್ಲೇಟ್ ಕಲ್ಲಿನ ಹಾಳೆ ಜೋಡಿಸಿ ಮಾಡಿದ ಅವನ ಮೂರ್ತಿ ಎಲ್ಲ ಐತೆ. ಅವನೂ ಗಾರ್ಡನ್ ವೆಲ್ಷ್‌ಮನ್‌ನೂ ಸೇರಿ ರೂಪಿಸಿದ ಬಾಂಬ್ ಅನ್ನೋ ಮಷೀನು (ಹೆಸರಷ್ಟೇ ಬಾಂಬು, ಬೀರು ಗಾತ್ರದ ತಿರುಗೋ ಚಕ್ರಗಳ ಮಷೀನು) ಎನಿಗ್ಮಾದ ಅವತ್ತಿನ ಜೋಡಣೆ ಹುಡುಕ್ತಿತ್ತು, ಮೊದಲನೆಯದು 1940ರ ಮಾರ್ಚಲ್ಲಿ ಬಂತು, ಯುದ್ಧ ಮುಗಿಯೋ ಹೊತ್ತಿಗೆ 200ರ ಮೇಲಿದ್ವು. ಅದನ್ನ ನಡೆಸ್ತಿದ್ದವರು ಹತ್ತೊಂಬತ್ತು ಇಪ್ಪತ್ತು ವರ್ಷದ ನೌಕಾಪಡೆ ಹುಡುಗೀರು. ಇಷ್ಟೆಲ್ಲ ಮಾಡಿದ ಟ್ಯೂರಿಂಗನ್ನ ಅದೇ ದೇಶ 1952ರಲ್ಲಿ ಸಲಿಂಗಿ ಅಂತ ಕೋರ್ಟಿಗೆ ಎಳೀತು, 1954ರಲ್ಲಿ ತೀರ್ಕೊಂಡ, ಕ್ಷಮೆ ಸಿಕ್ಕಿದ್ದು 2013ರಲ್ಲಿ. ಅಪ್ಪಗೆ ಇದನ್ನ ಹೇಳೋದು ಹೆಂಗೆ ಅಂತ ಯೋಚ್ನೆ ಮಾಡಿದ್ದೆ, ಹೇಳಿದೆ, ಅವರು "ಅಷ್ಟು ಕೆಲಸ ಮಾಡಿದೋನಿಗೆ ಹಿಂಗ ಮಾಡಬಾರದಿತ್ತು" ಅಂದು ಮೂರ್ತಿ ಮುಂದೆ ಚಪ್ಪಲಿ ಬಿಟ್ಟು ನಿಂತ್ರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೇವಿಸ್ ಲೀವರ್ ಅನ್ನೋ ಹುಡುಗಿ ಕಥೆ. ಕುದುರೆ ಲಾಯದ ಹತ್ರ ಕಾಟೇಜಲ್ಲಿ ಡಿಲ್ಲಿ ನಾಕ್ಸ್ ಅನ್ನೋ ಮುದುಕ ವಿದ್ವಾಂಸನ ಕೈಕೆಳಗೆ ಕೆಲಸ, ವಯಸ್ಸು 19. ಎನಿಗ್ಮಾದ ಒಂದು ಗುಣ ಏನಂದ್ರೆ ಯಾವ ಅಕ್ಷರವೂ ತಾನೇ ತಾನಾಗಿ ಬರಲ್ಲ, ಎಲ್ ಒತ್ತಿದ್ರೆ ಎಲ್ ಬಿಟ್ಟು ಬೇರೆ ಏನಾದ್ರೂ ಬರುತ್ತೆ. ಒಂದು ದಿನ ಇಟಲಿ ನೌಕಾಪಡೆಯ ಉದ್ದನೆ ಸಂದೇಶ ಬಂತು, ಅದರಲ್ಲಿ ಹುಡುಕಿದ್ರೂ ಒಂದೂ ಎಲ್ ಇಲ್ಲ. ಅವಳಿಗೆ ಹೊಳೀತು, ಆ ಕಡೆ ಇರೋ ಆಪರೇಟರಿಗೆ ಸುಮ್ನೆ ಟೆಸ್ಟ್ ಸಂದೇಶ ಕಳ್ಸು ಅಂದಿದಾರೆ, ಅವನು ಬೇಸರದಲ್ಲಿ ಒಂದೇ ಕೀ ಕುಟ್ಟಿದಾನೆ, ಎಲ್ ಎಲ್ ಎಲ್ ಎಲ್ ಅಂತ. ಅಷ್ಟು ಸಾಕಾಯ್ತು, ಚಕ್ರದ ಒಳಗಿನ ವೈರಿಂಗು ಸಿಕ್ತು. ಇರೋದನ್ನ ಎಲ್ಲರೂ ನೋಡ್ತಾರೆ, ಇಲ್ಲದ್ದನ್ನ ನೋಡಿದಳಲ್ಲ ಆ ಹುಡುಗಿ! ಇದೇ ಕಾಟೇಜಿನವರು ಬಿಡಿಸಿದ ಇಟಲಿ ಸಂದೇಶಗಳಿಂದ 1941ರ ಮಾರ್ಚಲ್ಲಿ ಮಟಪಾನ್ ಭೂಶಿರದ ಹತ್ರ ಇಟಲಿಯವರ ಹಡಗುಗಳು ಮುಳುಗಿದ್ವು. ಹಟ್ 8ರಲ್ಲಿ ಜೋನ್ ಕ್ಲಾರ್ಕ್ ಅಂತ ಇನ್ನೊಬ್ಬಾಕೆ, ಗಣಿತದವಳು, ಸಂಬಳ ಏರಿಸೋಕೆ ಹೆಂಗಸರಿಗೆ ಬೇರೆ ಹುದ್ದೆ ಇರ್ಲಿಲ್ಲ ಅಂತ ಭಾಷಾತಜ್ಞೆ ಅಂತ ತೋರಿಸಿದ್ರು, ಬೇರೆ ಭಾಷೆ ಒಂದೂ ಬರ್ತಿರ್ಲಿಲ್ಲ ಆಕೆಗೆ. 1945ರ ಶುರುವಿಗೆ ಇಲ್ಲೂ ಸುತ್ತಲ ಶಾಖೆಗಳಲ್ಲೂ ಸೇರಿ ಸುಮಾರು 9,000 ಜನ, ನಾಲ್ಕರಲ್ಲಿ ಮೂರು ಪಾಲು ಹೆಂಗಸರು.

ಆದ್ರೆ ಅಪ್ಪ ಬೆಳಗಿಂದ ಒಂದೇ ಪ್ರಶ್ನೆ ಕೇಳ್ತಾ ಇದ್ರು. "ಈ ಕಾಗದ ಇವರ ಮೇಜಿಗೆ ಬಂದಿದ್ದು ಎಲ್ಲಿಂದ? ಮೊದ್ಲು ಕೇಳಿದೋರು ಯಾರು?" ಅದೇ ನೋಡಿ ವಿಷಯ. ವೈ ಸ್ಟೇಷನ್ ಅಂತ ದೇಶದ ತುಂಬ ಕೇಳೋ ಕೇಂದ್ರಗಳಿದ್ವು, ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಜರ್ಮನ್ನರ ಮೋರ್ಸ್ (ಗಿಡ್ಡ ಸದ್ದು ಉದ್ದ ಸದ್ದು ಜೋಡಿಸಿ ಅಕ್ಷರ ಕಳ್ಸೋ ಪದ್ಧತಿ) ಸಂದೇಶ ಕೇಳಿ ಕೇಳಿ ಅಕ್ಷರ ಬರ್ಕೊಳ್ಳೋದು, ಆ ಕಾಗದ ಮೋಟರ್ ಸೈಕಲ್ ಮೇಲೆ, ಆಮೇಲಾಮೇಲೆ ಟೆಲಿಪ್ರಿಂಟರ್‌ನಲ್ಲಿ ಬ್ಲೆಚ್ಲಿಗೆ ಬರ್ತಿತ್ತು. ಬರೆದವರಿಗೆ ಅದರ ಅರ್ಥ ಗೊತ್ತಿಲ್ಲ, ಎಲ್ಲಿಗೆ ಹೋಗುತ್ತೆ ಅಂತಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಪ್ಪ ಅಲ್ಲೇ ನಿಂತು ನನಗೆ ಪಾಠ ಮಾಡಿದ್ರು: ಮಾಮೂಲಿ ತಂತಿ ತಗೊಳ್ಳೋದು ಸುಲಭ, ಫಾದರ್ ಅಂತ ಬಂದ್ರೆ ಸೀರಿಯಸ್ ಅಂತ ಬರ್ತೈತೆ ಅಂತ ಕೈಗೆ ಮೊದಲೇ ಗೊತ್ತಾಗಿರ್ತೈತೆ, ನಡುವೆ ಒಂದು ಅಕ್ಷರ ತಪ್ಪಿದ್ರೂ ತುಂಬಿಕೊಳ್ಳಬಹುದು. ಸರ್ಕಾರಿ ಸೈಫರ್ ತಂತಿ ಬರ್ತಿದ್ವಲ್ಲ, ಐದೈದು ಅಕ್ಷರದ ಗುಂಪು, ಅರ್ಥ ಇಲ್ಲದ್ದು, ಅದ್ರಲ್ಲಿ ಒಂದು ಹೋದ್ರೆ ಹೋಯ್ತು, ಊಹೆ ಮಾಡೋ ಹಂಗಿಲ್ಲ. "ಇವರು ಆರು ವರ್ಷ ಬರೀ ಅದನ್ನೇ ಕೇಳ್ಯಾರ. ಅದೂ ಗಾಳಿಯಾಗಿನ ಸಿಗ್ನಲ್ಲು, ಗದ್ದಲ, ಮ್ಯಾಲೆ ಶತ್ರು ದೇಶದವನ ಕೈ." ಅಪ್ಪನ ಬಾಯಲ್ಲಿ ಇದನ್ನ ಕೇಳೋ ತನಕ ನನಗೆ ಅದು ಗುಮಾಸ್ತರ ಕೆಲಸ ಅನ್ಸಿತ್ತು. ಬಿಡಿಸಿದವರ ಬುದ್ಧಿಗೆ ಕೈ ಮುಗೀತೀನಿ, ಆದ್ರೆ ಈ ಕಿವಿಗಳು ತಪ್ಪಿದ್ದಿದ್ರೆ ಆ ಬುದ್ಧಿಗೆ ಕೆಲಸವೇ ಇರ್ತಿರ್ಲಿಲ್ಲ.

ಇದೇ ಜಾಲ ನಮ್ಮ ದೇಶಕ್ಕೂ ಚಾಚಿತ್ತು. ದಿಲ್ಲಿಯ ಆನಂದ್ ಪರ್ಬತ್ ಗುಡ್ಡದ ಮೇಲೆ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ, ಜಪಾನಿಯರ ಸಂದೇಶ ಬಿಡಿಸೋ ಕೇಂದ್ರ, ಅದಕ್ಕೆ ಸೇರಿದ ಒಂದು ಉಪಕೇಂದ್ರ ನಮ್ಮ ಬೆಂಗಳೂರಲ್ಲೂ ಇತ್ತು.

ಟಿಕೆಟ್ ತಗೊಂಡ ಮೇಲೆ ತಪ್ಪಿಸ್ಕೋಬಾರದ ಜಾಗ ನ್ಯಾಷನಲ್ ರೇಡಿಯೋ ಸೆಂಟರ್, ಬ್ರಿಟನ್ನಿನ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ರೇಡಿಯೋದಲ್ಲಿ ಸಂದೇಶ ಕಳ್ಸೋರ) ಸಂಘದವರು ಪಾರ್ಕಿನೊಳಗೇ ನಡೆಸೋದು. ಅಲ್ಲಿ ಬೂದು ಸ್ವೆಟರ್ ಹಾಕಿದ್ದ ಒಬ್ಬ ಹಿರಿಯರು ಇದ್ರು, ವಾಲಂಟಿಯರ್. ನಾನು ನಮ್ಮಪ್ಪ ಇಂಡಿಯಾದ ತಾರ್ ಆಫೀಸಲ್ಲಿದ್ರು ಅಂದೆ ನೋಡಿ, ಕುರ್ಚಿ ಎಳೆದು ಕೂರಿಸಿ ಮೋರ್ಸ್ ಹಾಕಿದ್ರು. ಅಪ್ಪಗೆ ಮೊದಲು ಒಂದು ಅಕ್ಷರವೂ ಸಿಗಲಿಲ್ಲ. ಮುಖ ಸಪ್ಪಗಾಯ್ತು. ಯಾಕಂದ್ರೆ ನಮ್ಮ ತಾರ್ ಆಫೀಸಲ್ಲಿ ಇದ್ದಿದ್ದು ಸೌಂಡರ್, ಕಟ್ ಕಡಾ ಕಟ್ ಅಂತ ಹಿತ್ತಾಳೆ ಬಡಿಯೋ ಸದ್ದು, ಎರಡು ಬಡಿತದ ನಡುವಿನ ಬಿಡುವನ್ನ ಕೇಳಿ ಅದು ಗಿಡ್ಡನೋ ಉದ್ದನೋ ಅಂತ ತಿಳ್ಕೋಬೇಕು. ಇಲ್ಲಿ ರೇಡಿಯೋದಲ್ಲಿ ಪೀಂ ಪಿಪ್ ಅಂತ ಸೀಟಿ ಥರ. ಆ ಹಿರಿಯರಿಗೆ ಅರ್ಥ ಆಯ್ತು, ಸ್ಪೀಡ್ ಕಮ್ಮಿ ಮಾಡಿದ್ರು. ಅಪ್ಪ ಕಣ್ಣು ಮುಚ್ಚಿದ್ರು. ನಾಲ್ಕೈದು ನಿಮಿಷ ಆದ ಮೇಲೆ ಕೈ ತಾನೇ ಪೆನ್ಸಿಲ್ ಹುಡುಕ್ತು, ಒಂದು ಅಕ್ಷರ, ಎರಡು, ಆಮೇಲೆ ಬರೀತಾನೇ ಹೋದ್ರು, ದುಂಡಗೆ, ಆಫೀಸ್ ಫಾರ್ಮಿನ ಮೇಲೆ ಬರೀತಿದ್ದ ಅದೇ ದೊಡ್ಡ ಅಕ್ಷರ, ನಾನು ಚಿಕ್ಕವಳಿದ್ದಾಗ ನೋಡಿದ್ದು. ಅವರಿಬ್ಬರ ಇಂಗ್ಲಿಷ್ ಒಬ್ಬರದ್ದು ಒಬ್ಬರಿಗೆ ಪೂರ್ತಿ ತಿಳೀತಿರ್ಲಿಲ್ಲ, ಕೀ ಮೇಲೆ ಮಾತ್ರ ಅರ್ಧ ಗಂಟೆ ಮಾತಾಡಿದ್ರು. ಎದ್ದು ಬರೋವಾಗ ಆ ಹಿರಿಯರು 73 ಅಂತ ಬಡಿದ್ರು, ರೇಡಿಯೋದವರಲ್ಲಿ ನಮಸ್ಕಾರ ಹೇಳೋ ಲೆಕ್ಕ ಅದು, ಡಾ ಡಾ ಡಿ ಡಿ ಡಿ, ಡಿ ಡಿ ಡಿ ಡಾ ಡಾ. ತಮ್ಮ ಫೋನ್ ತೆಗೆದು ವಿಡಿಯೋ ಮಾಡೋನು ಅರ್ಧಕ್ಕೇ ನಿಲ್ಲಿಸಿ ಕಣ್ಣು ಒರೆಸ್ಕೊಂಡ.

ಮಧ್ಯಾಹ್ನ ಹಟ್ 4ರಲ್ಲಿ, ಅದು ಈಗ ಕೆಫೆ, ಟೀ ತಗೊಂಡು ಕೆರೆ ದಂಡೆ ಬೆಂಚಿಗೆ ಬಂದು ಊರಿಂದ ತಂದಿದ್ದ ಕಡಕ್ ರೊಟ್ಟಿ ಶೇಂಗಾ ಚಟ್ನಿ ಪುಡಿ ಬಿಚ್ಚಿದ್ವಿ. ಇಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಗುಟ್ಟು ಕಾಯ್ತೀನಿ ಅಂತ ಸಹಿ ಹಾಕಬೇಕಿತ್ತು, 1970ರ ದಶಕದ ನಡುವಿನ ತನಕ, ಹತ್ರ ಹತ್ರ ಮೂವತ್ತು ವರ್ಷ, ಹೊರಗೆ ಒಂದು ಮಾತು ಬರಲಿಲ್ಲ. ಮಗಳು ಯುದ್ಧದಲ್ಲಿ ಏನು ಮಾಡಿದಳು ಅಂತ ಗೊತ್ತಾಗದೇ ತೀರಿಹೋದ ಅಪ್ಪ ಅಮ್ಮಂದಿರು ಎಷ್ಟೋ ಜನ. ಚರ್ಚಿಲ್ ಇವರನ್ನ ಚಿನ್ನದ ಮೊಟ್ಟೆ ಇಟ್ಟರೂ ಕೂಗದ ಬಾತುಗಳು ಅಂದಿದ್ರಂತೆ. ನಾನು ಅಪ್ಪನ್ನ ಕೇಳಿದೆ, ಹಂಗಿರೋಕೆ ಆಗುತ್ತಾ ಅಂತ. ಅಪ್ಪ ರೊಟ್ಟಿ ಮುರೀತಾ ಇದ್ದೋರು ನಿಲ್ಲಿಸಿ ಒಂದು ವಿಷಯ ಹೇಳಿದ್ರು. ಕೌಲ್ ಬಜಾರಲ್ಲಿ ನಾವಿದ್ದಾಗ ಎದುರು ಮನೆಯವರ ಮಗ ದೂರದ ಊರಲ್ಲಿ ತೀರ್ಕೊಂಡ ತಂತಿಯನ್ನ ಸಂಜೆ ಡ್ಯೂಟಿಯಲ್ಲಿ ಬರ್ಕೊಂಡಿದ್ದು ಅವರೇ. ಮನೆಗೆ ಬಂದ್ರು, ಎದುರು ಮನೆ ಅಜ್ಜಿ ಬಾಗಿಲಲ್ಲಿ ಕೂತು "ಏನಪ್ಪ, ಈಗ ಬಂದ್ಯಾ" ಅಂತ ಮಾತಾಡಿಸಿದ್ರಂತೆ. ಹೂಂ ಅಂದು ಒಳಗೆ ಬಂದು ಊಟಕ್ಕೆ ಕೂತ್ರು. ಅಮ್ಮನಿಗೂ ಹೇಳಲಿಲ್ಲ. ತಂತಿ ಹುಡುಗ ಬಂದು ಕಾಗದ ಕೊಡೋ ತನಕ ಅದು ಆ ಮನೆಯವರ ಸುದ್ದಿ, ಬೇರೆ ಯಾರ ಬಾಯಿಂದಲೂ ಹೋಗಬಾರದು, ಅದು ರೂಲು. "ಆ ಅರ್ಧ ಗಂಟೆ ನನಗ ಇವತ್ತಿಗೂ ಐತೆ. ಇವರಿಗೆ ಮೂವತ್ತು ವರ್ಷ." ನಾನು ಬೇರೆ ತಂತಿಗಳ ಬಗ್ಗೆ ಕೇಳೋಕೆ ಹೋದೆ, "ಅದು ಹೇಳೋದಲ್ಲ" ಅಂದುಬಿಟ್ರು. ಈಗಲೂ.

ಇನ್ನೊಂದು ವಿಷಯ, ಕೊಲೋಸಸ್. ಹಿಟ್ಲರನ ದೊಡ್ಡ ಸೇನಾಧಿಕಾರಿಗಳು ಬಳಸ್ತಿದ್ದ ಲೊರೆಂಜ್ ಅನ್ನೋ ಇನ್ನೊಂದು ಗುಪ್ತಲಿಪಿ ಮಷೀನಿನ ಸಂದೇಶಕ್ಕೆ ಬೇರೆ ಮಷೀನು ಬೇಕಿತ್ತು, ಅದನ್ನ ಕಟ್ಟಿದ್ದು ಟಾಮಿ ಫ್ಲವರ್ಸ್, ಪೋಸ್ಟ್ ಆಫೀಸ್ ಇಂಜಿನಿಯರು, ಗಾರೆ ಕೆಲಸದವನ ಮಗ. ಸಾವಿರಾರು ವಾಲ್ವ್ (ಹಳೇ ರೇಡಿಯೋದೊಳಗೆ ಇರ್ತಿದ್ದ ಗಾಜಿನ ಬುರುಡೆ) ಒಟ್ಟಿಗೆ ಇಟ್ರೆ ಕೆಟ್ಟು ಹೋಗ್ತಾವೆ ಅಂತ ಎಲ್ಲರೂ ಅಂತಿದ್ದಾಗ, ಆಫ್ ಮಾಡದೇ ಇದ್ರೆ ಕೆಡಲ್ಲ ಅಂತ ಟೆಲಿಫೋನ್ ಎಕ್ಸ್‌ಚೇಂಜಿನ ಅನುಭವದಿಂದ ಅವನಿಗೆ ಗೊತ್ತಿತ್ತು. ಸುಮಾರು 1,600 ವಾಲ್ವಿನ ಮಷೀನು 1944ರ ಫೆಬ್ರವರಿಯಲ್ಲಿ ಬ್ಲೆಚ್ಲಿಯಲ್ಲಿ ಕೆಲಸ ಶುರು ಮಾಡ್ತು. ಯುದ್ಧ ಮುಗಿದ ಮೇಲೆ ಅದರ ನಕ್ಷೆಗಳನ್ನ ಸುಡೋಕೆ ಹೇಳಿದ್ರು, ಅವನೇ ಸುಟ್ಟ. ಪಿ ಅಂಡ್ ಟಿ (ಅಂಚೆ ಮತ್ತು ತಂತಿ) ಡಿಪಾರ್ಟ್‌ಮೆಂಟಲ್ಲಿ ಬದುಕು ಕಳೆದ ಅಪ್ಪಗೆ ಫ್ಲವರ್ಸ್ "ನಮ್ಮೋನು" ಆಗಿಬಿಟ್ಟ. ಆಮೇಲೆ ಇದೇ ಪಾರ್ಕು ಅಲ್ಲಿನ ಪೋಸ್ಟ್ ಆಫೀಸಿನವರ ಟ್ರೈನಿಂಗ್ ಕಾಲೇಜೂ ಆಗಿತ್ತು ಅಂತ ಓದಿ ಹೇಳಿದಾಗ ಇನ್ನೂ ಖುಷಿ. ಗಮನಿಸಿ, ಮತ್ತೆ ಕಟ್ಟಿದ ಕೊಲೋಸಸ್ಸು ಮತ್ತು ನಡೆಯೋ ಬಾಂಬ್ ಮಷೀನು ಪಕ್ಕದ ಬ್ಲಾಕ್ ಎಚ್‌ನಲ್ಲಿ ಐತೆ, ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್, ಅದು ಬೇರೆ ಸಂಸ್ಥೆ, ಬೇರೆ ಟಿಕೆಟ್ಟು, ತೆರೆಯೋ ದಿನಗಳೂ ಬೇರೆ, ನೋಡ್ಕೊಂಡು ಹೋಗಿ. ಎರಡೂ ಒಂದೇ ದಿನ ಮಾಡ್ತೀನಿ ಅಂದ್ರೆ ಹಿರಿಯರಿಗೆ ಸುಸ್ತಾಗುತ್ತೆ, ನಾವು ಎರಡು ದಿನ ಮಾಡಿದ್ವಿ.

ಇಷ್ಟೆಲ್ಲ ಇರೋ ಜಾಗ 1990ರ ಹೊತ್ತಿಗೆ ಮತ್ತೆ ಕೆಡವೋ ಪಟ್ಟಿಯಲ್ಲಿತ್ತು. ಊರಿನ ಇತಿಹಾಸ ಸಂಘದವರು 1991ರಲ್ಲಿ ಹಳೆ ಕೆಲಸಗಾರರನ್ನ ಕಡೇ ಸಲ ಅಂತ ಕೂಡಿಸಿದ್ರು, 400 ಜನ ಬಂದ್ರು, ಅವರ ಬಾಯಲ್ಲಿ ಕಥೆ ಕೇಳಿದ ಮೇಲೆ ಬಿಡಬಾರದು ಅಂತ ನಿಂತ್ರು, 1992ರಲ್ಲಿ ಟ್ರಸ್ಟ್ ಆಯ್ತು. ಕೊಳೆತ ಹಲಗೆ ಶೆಡ್ಡುಗಳನ್ನ ಸರಿ ಮಾಡೋ ದೊಡ್ಡ ಕೆಲಸ ಮುಗಿದಿದ್ದು 2014ರಲ್ಲಿ. ನೋಡ್ತಾ ನೋಡ್ತಾ ನನಗೆ ನಮ್ಮೂರೇ ಕಣ್ಮುಂದೆ ಬರ್ತಿತ್ತು. ಮೊದಲನೇ ಮಹಾಯುದ್ಧದಲ್ಲಿ ನಮ್ಮ ಬಳ್ಳಾರಿಯಲ್ಲಿ ತುರ್ಕಿ ಸೈನಿಕರನ್ನ ಕೈದಿಗಳಾಗಿ ಇಟ್ಟಿದ್ರು, ಊರಲ್ಲಿ ಎಷ್ಟು ಮಕ್ಕಳಿಗೆ ಗೊತ್ತೈತೆ ಅದು? ನಮ್ಮಲ್ಲೂ ಇನ್ನೂ ಹೇಳೋ ಹಿರಿಯರಿದಾರೆ, ತಾರ್ ಆಫೀಸಿನವರು, ರೈಲ್ವೆಯವರು, ಗಣಿಯವರು. ಅವರನ್ನ ಒಂದು ಕಡೆ ಕೂರಿಸಿ ಕೇಳೋಕೆ ಅರಮನೆ ಬೇಡ, ಒಂದು ಶೆಡ್ಡು ಸಾಕು, ಬ್ಲೆಚ್ಲಿ ನೋಡಿದ ಮೇಲೆ ಇದನ್ನ ನಾನು ನಂಬ್ತೀನಿ.

ಹೋಗೋರಿಗೆ ನಾಲ್ಕು ಮಾತು. ಪೂರ್ತಿ ದಿನ ಇಟ್ಕೊಳ್ಳಿ, ಬೆಳಗ್ಗೆ ತೆರೆಯೋ ಹೊತ್ತಿಗೇ ಹೋಗಿ. ನಾವು ಅಕ್ಟೋಬರಲ್ಲಿ ಹೋಗಿದ್ದು, ಕಟ್ಟಡದಿಂದ ಕಟ್ಟಡಕ್ಕೆ ಹೊರಗೆ ನಡೀಬೇಕು, ನಮ್ಮ ಬಿಸಿಲಲ್ಲಿ ಬೆಳೆದವರಿಗೆ ಸ್ವೆಟರ್ ಮೇಲೆ ಜಾಕೆಟ್ಟೂ ಬೇಕು, ಕಿವಿಗೆ ಟೋಪಿನೂ. ದಾರಿ ಸಮತಟ್ಟು, ಅಲ್ಲಲ್ಲಿ ಬೆಂಚು. ದುಡ್ಡು ಕಮ್ಮಿ ಅಲ್ಲ, ರೂಪಾಯಿಗೆ ಲೆಕ್ಕ ಹಾಕಿದ್ರೆ ಎದೆ ಝಲ್ ಅನ್ನುತ್ತೆ, ಆದ್ರೆ ಒಂದು ಸಲ ತಗೊಂಡ ಟಿಕೆಟ್ಟಿಗೆ ವರ್ಷ ಪೂರ್ತಿ ಎಷ್ಟು ಸಲ ಬೇಕಾದ್ರೂ ಹೋಗಬಹುದು. ಅಪ್ಪ ತಮ್ಮದನ್ನ ಹಳೇ ಡಿಪಾರ್ಟ್‌ಮೆಂಟ್ ಐಡಿ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡಿದಾರೆ. ಬರೋ ಅಕ್ಟೋಬರ್ ತನಕ ನಡೆಯುತ್ತೆ, ಬೇಸಿಗೆಗೆ ಇನ್ನೊಂದು ಸಲ ಹೋಗಬೇಕು, ಆ ರೇಡಿಯೋದವರನ್ನ ನೋಡಬೇಕು ಅಂತ ತಮ್ಮನಿಗೆ ಆಗಲೇ ಹೇಳಿಟ್ಟಿದಾರೆ.